ಆಸ್ಕರ್ ಊಹೆ ಬೇರೆ, ಐಪಿಎಲ್ ಊಹೆ ಬೇರೆ: ಚೀಟಿ ಬರೆಯುವ ಮುನ್ನ ಹಾಕಬೇಕಾದ ಲೆಕ್ಕ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಎಂಟು ಜನ ಪ್ರತಿ ವರ್ಷ ಆಸ್ಕರ್ ಯಾರಿಗೆ, ಐಪಿಎಲ್ ಕಪ್ ಯಾರಿಗೆ ಎಂದು ಮೊದಲೇ ಚೀಟಿ ಬರೆದಿಡುತ್ತೇವೆ. ಕೊನೆಗೆ ಬಂದವರು ಉಳಿದವರಿಗೆಲ್ಲ ಮಸಾಲೆ ದೋಸೆ ಕೊಡಿಸಬೇಕು. ಸಿಕ್ಕಷ್ಟೂ ಸಿನಿಮಾ ನೋಡಿಯೇ ಬರೆಯುತ್ತೇನೆ, ಆದರೂ ಆಸ್ಕರ್‌ನಲ್ಲಿ ಅರ್ಧಕ್ಕರ್ಧ ತಪ್ಪುತ್ತದೆ. ಒಂದೂ ಸಿನಿಮಾ ನೋಡದ ಸಹೋದ್ಯೋಗಿಯೊಬ್ಬರು ಹದಿನೆಂಟು ಸರಿ ಮಾಡುತ್ತಾರೆ! ಐಪಿಎಲ್‌ಗಂತೂ ನಾನು ಆರ್‌ಸಿಬಿ ಬಿಟ್ಟು ಬೇರೆ ಹೆಸರು ಬರೆದವನೇ ಅಲ್ಲ. ಊಹಿಸುವುದಕ್ಕೆ ಏನಾದರೂ ಕ್ರಮ ಇದೆಯೇ, ಅಥವಾ ಎಲ್ಲವೂ ಅದೃಷ್ಟವೇ?

ಉತ್ತರ: ನಿಮ್ಮ ಸಹೋದ್ಯೋಗಿಗೆ ಸಿನಿಮಾ ನೋಡದೇ ಇರುವುದೇ ಅನುಕೂಲವಾಗಿದೆ. ನೀವು ನಿಮಗೆ ಹಿಡಿಸಿದ್ದನ್ನು ಬರೆಯುತ್ತೀರಿ, ಅವರು ಮತ ಹಾಕುವವರಿಗೆ ಹಿಡಿಸಿದ್ದನ್ನು ಬರೆಯುತ್ತಾರೆ. ಹಾಗಾಗಿ ಈ ಸಲ ಹಾಳೆಯಲ್ಲಿ ಎರಡು ಸಾಲು ಎಳೆಯಿರಿ. ಒಂದರ ತಲೆಬರಹ ‘ಗೆಲ್ಲಬೇಕು’, ಇನ್ನೊಂದರದು ‘ಗೆಲ್ಲುತ್ತದೆ’. ಮೊದಲ ಸಾಲಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು ಮುಗಿಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿ. ಎರಡೂ ಸಾಲು ಪೂರ್ತಿ ಒಂದೇ ಆಗಿದ್ದರೆ ನೀವು ಊಹಿಸಿಲ್ಲ, ಹರಕೆ ಹೊತ್ತಿದ್ದೀರಿ.

ಪ್ರಶಸ್ತಿಗೂ ಪಂದ್ಯಕ್ಕೂ ಬುಡದಲ್ಲೇ ಒಂದು ವ್ಯತ್ಯಾಸವಿದೆ. 2025ರ ಆಸ್ಕರ್‌ಗೆ ಕೊನೆಯ ಸುತ್ತಿನ ಮತದಾನ ಫೆಬ್ರವರಿ 18ಕ್ಕೇ ಮುಗಿದಿತ್ತು, ಸಮಾರಂಭ ನಡೆದದ್ದು ಮಾರ್ಚ್ 2ಕ್ಕೆ. ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಟಿವಿ ಮುಂದೆ ಕೂತಾಗ ಊಹಿಸುವುದಕ್ಕೆ ಏನೂ ಉಳಿದಿರುವುದಿಲ್ಲ, ಹೆಸರು ಲಕೋಟೆ ಸೇರಿ ಎಷ್ಟೋ ದಿನವಾಗಿರುತ್ತದೆ. ಐಪಿಎಲ್ ಫೈನಲ್‌ನ ಫಲಿತಾಂಶ ಕೊನೆಯ ಓವರ್‌ವರೆಗೂ ಎಲ್ಲಿಯೂ ಇರುವುದಿಲ್ಲ. ಆಗಿ ಹೋದದ್ದನ್ನು ಪತ್ತೆ ಹಚ್ಚಬಹುದು. ಆಗದೇ ಇರುವುದಕ್ಕೆ ಸಾಧ್ಯತೆ ಮಾತ್ರ ಹೇಳಬಹುದು. ಒಂದೇ ಅಳತೆಗೋಲಿನಲ್ಲಿ ಎರಡನ್ನೂ ಅಳೆಯಲು ಹೋಗಿಯೇ ಹೆಚ್ಚಿನವರು ಎಡವುವುದು.

ಮೊದಲು ಆಸ್ಕರ್. ಇಲ್ಲಿ ಕೇಳಬೇಕಾದ ಪ್ರಶ್ನೆ: ಆಸ್ಕರ್ ಕೊಡುವ ಅಕಾಡೆಮಿಯಲ್ಲಿ ಮತ ಹಾಕುವ ಜನವೇ ಇದಕ್ಕೂ ಮೊದಲು ಬೇರೆಲ್ಲಿ ಮತ ಹಾಕಿದ್ದಾರೆ? ಗೋಲ್ಡನ್ ಗ್ಲೋಬ್ ಕೊಡುವವರು ಪತ್ರಕರ್ತರು, ಕ್ರಿಟಿಕ್ಸ್ ಚಾಯ್ಸ್ ಕೊಡುವವರು ವಿಮರ್ಶಕರು. ಇವರಿಗೆ ಆಸ್ಕರ್ ಮತವಿಲ್ಲ. ಅವರ ಪ್ರಶಸ್ತಿಯಿಂದ ಚಿತ್ರಕ್ಕೆ ಪ್ರಚಾರ ಸಿಗುತ್ತದೆ, ನಿಮಗೆ ಸುಳಿವು ಸಿಗುವುದು ಕಡಿಮೆ. ನಿರ್ಮಾಪಕರು, ನಿರ್ದೇಶಕರು, ನಟರು, ಸಂಕಲನಕಾರರ ಗಿಲ್ಡ್‌ಗಳು (ಅಂದರೆ ವೃತ್ತಿ ಸಂಘಗಳು) ಮತ್ತು ಬ್ರಿಟನ್ನಿನ ಚಲನಚಿತ್ರ ಅಕಾಡೆಮಿಯಾದ ಬಾಫ್ಟಾ ಹಾಗಲ್ಲ, ಅಲ್ಲಿನ ಎಷ್ಟೋ ಸದಸ್ಯರು ಅಕಾಡೆಮಿಯಲ್ಲೂ ಇದ್ದಾರೆ.

ಅತ್ಯಂತ ಗಟ್ಟಿ ಸುಳಿವು ಡೈರೆಕ್ಟರ್ಸ್ ಗಿಲ್ಡ್‌ನದು. ಆ ಪ್ರಶಸ್ತಿ ಶುರುವಾದ 1940ರ ದಶಕದ ಕೊನೆಯಿಂದ 2025ರವರೆಗೆ, ಗಿಲ್ಡ್ ಆರಿಸಿದ ನಿರ್ದೇಶಕರ ಕೈಗೆ ಆಸ್ಕರ್ ಬಾರದೆ ಹೋದದ್ದು ಎಂಟೇ ಸಲ. ಆ ಎಂಟರಲ್ಲೂ ಮೂರು ಸಲ (1985ರ ಚಿತ್ರಕ್ಕೆ ಸ್ಪೀಲ್‌ಬರ್ಗ್, 1995ರದಕ್ಕೆ ರಾನ್ ಹೊವರ್ಡ್, 2012ರದಕ್ಕೆ ಬೆನ್ ಅಫ್ಲೆಕ್) ಗಿಲ್ಡ್ ಗೆದ್ದವರು ಆಸ್ಕರ್ ಸ್ಪರ್ಧೆಯಲ್ಲೇ ಇರಲಿಲ್ಲ. ಗಿಲ್ಡ್‌ನಲ್ಲಿ ಸಾವಿರಾರು ಜನ, ಆಸ್ಕರ್‌ಗೆ ನಾಮನಿರ್ದೇಶನ ಮಾಡುವ ನಿರ್ದೇಶಕರ ವಿಭಾಗ ಅದಕ್ಕಿಂತ ಬಹಳ ಚಿಕ್ಕದು, ಅದರ ರುಚಿಯೂ ಸ್ವಲ್ಪ ಬೇರೆ. ಹಾಗಾಗಿ ಗಿಲ್ಡ್ ಗೆದ್ದವರು ನಾಮನಿರ್ದೇಶಿತರ ಪಟ್ಟಿಯಲ್ಲೂ ಇದ್ದರೆ ನಿರ್ದೇಶನದ ವಿಭಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕೊನೆಯ ಸಲ ಹೀಗೆ ತಪ್ಪಿದ್ದು 2020ರ ಸಮಾರಂಭದಲ್ಲಿ. ಗಿಲ್ಡ್ ಸ್ಯಾಮ್ ಮೆಂಡಿಸ್ ಅವರನ್ನು ಆರಿಸಿತ್ತು, ಆಸ್ಕರ್ ಬಾಂಗ್ ಜೂನ್ ಹೋ ಅವರಿಗೆ ಹೋಯಿತು.

ಅತ್ಯುತ್ತಮ ಚಿತ್ರದ ವಿಭಾಗದಲ್ಲಿ ಎಣಿಕೆಯ ರೀತಿಯೇ ಬೇರೆ. ಉಳಿದ ವಿಭಾಗಗಳಲ್ಲಿ ಕೊನೆಯ ಸುತ್ತಿಗೆ ಹೆಚ್ಚು ಮತ ಬಂದವರೇ ವಿಜೇತರು. ಚಿತ್ರಕ್ಕೆ ಮಾತ್ರ 2010ರ ಸಮಾರಂಭದಿಂದ ಪ್ರಾಶಸ್ತ್ಯದ ಮತ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ನೂರು ಮತ, ಮೂರು ಚಿತ್ರ ಇಟ್ಟುಕೊಳ್ಳಿ. ಮೊದಲನೆಯದಕ್ಕೆ 40, ಎರಡನೆಯದಕ್ಕೆ 33, ಮೂರನೆಯದಕ್ಕೆ 27. ಮೂರನೆಯದು ಹೊರಗೆ. ಅದರ 27 ಜನರಲ್ಲಿ 22 ಜನ ಎರಡನೇ ಚಿತ್ರವನ್ನೂ ಐದು ಜನ ಮೊದಲನೆಯದನ್ನೂ ನಂತರದ ಆಯ್ಕೆಯಾಗಿ ಬರೆದಿದ್ದರೆ ಲೆಕ್ಕ 55ಕ್ಕೆ 45. ಹಿಂದಿದ್ದ ಚಿತ್ರ ಗೆದ್ದಿತು. ಅಂದರೆ ಕೆಲವರು ಹುಚ್ಚಾಗಿ ಮೆಚ್ಚಿ ಕೆಲವರು ಮೂಗು ಮುರಿಯುವ ಚಿತ್ರಕ್ಕಿಂತ, ಯಾರೂ ಬೇಡ ಅನ್ನದ ಚಿತ್ರಕ್ಕೆ ಇಲ್ಲಿ ಬಲ ಜಾಸ್ತಿ.

2022ರಲ್ಲಿ ‘ದಿ ಪವರ್ ಆಫ್ ದಿ ಡಾಗ್’ 12 ನಾಮನಿರ್ದೇಶನ ಹೊತ್ತು ಬಂದು ನಿರ್ದೇಶನದ ಒಂದೇ ಪ್ರಶಸ್ತಿ ಒಯ್ದಿತು. ಮೂರೇ ನಾಮನಿರ್ದೇಶನವಿದ್ದ ‘ಕೋಡಾ’ ಆ ಮೂರನ್ನೂ ಗೆದ್ದು ಅತ್ಯುತ್ತಮ ಚಿತ್ರವಾಯಿತು. 2025ರಲ್ಲಿ ‘ಎಮಿಲಿಯಾ ಪೆರೆಜ್’ಗೆ 13 ನಾಮನಿರ್ದೇಶನ, ಸಿಕ್ಕಿದ್ದು ಎರಡು. ನಾಮನಿರ್ದೇಶನದ ಸಂಖ್ಯೆ ನೋಡಿ ಚೀಟಿ ಬರೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಹಾಗಾದರೆ ನೋಡಬೇಕಾದ್ದು ಯಾವುದನ್ನು? ಪ್ರೊಡ್ಯೂಸರ್ಸ್ ಗಿಲ್ಡ್ ಅನ್ನು, ಏಕೆಂದರೆ ಅವರೂ ಪ್ರಾಶಸ್ತ್ಯದ ಮತವನ್ನೇ ಎಣಿಸುತ್ತಾರೆ. 2010ರಿಂದ 2025ರವರೆಗಿನ 16 ಸಮಾರಂಭಗಳಲ್ಲಿ 13 ಸಲ ಇಬ್ಬರ ಆಯ್ಕೆಯೂ ಒಂದೇ (ಅದರಲ್ಲಿ ಒಮ್ಮೆ ಗಿಲ್ಡ್‌ನಲ್ಲಿ ಎರಡು ಚಿತ್ರ ಸಮಬಲವಾಗಿದ್ದವು). ತಪ್ಪಿದ್ದು 2016, 2017 ಮತ್ತು 2020ರಲ್ಲಿ. ಆ ಮೂರರಲ್ಲಿ 2016ರ ‘ಸ್ಪಾಟ್‌ಲೈಟ್’ ಮತ್ತು 2020ರ ‘ಪ್ಯಾರಸೈಟ್’ ನಟರ ಗಿಲ್ಡ್‌ನ ತಾರಾಬಳಗದ ಪ್ರಶಸ್ತಿ ಪಡೆದಿದ್ದವು. ಅಕಾಡೆಮಿಯಲ್ಲಿ ಅತಿ ದೊಡ್ಡ ವಿಭಾಗ ನಟರದ್ದೇ. ನಿರ್ಮಾಪಕರು ಒಂದು ಚಿತ್ರ, ನಟರು ಇನ್ನೊಂದು ಚಿತ್ರ ಆರಿಸಿದ ವರ್ಷ ಮೊದಲನೆಯದನ್ನೇ ಬರೆಯಿರಿ, ಆದರೆ ಪಕ್ಕದಲ್ಲಿ ಶೇ 85 ಎಂದಲ್ಲ, ಶೇ 60 ಎಂದು ಗುರುತು ಹಾಕಿ. 2017 ಮಾತ್ರ ಈ ಸುಳಿವಿಗೂ ಸಿಗಲಿಲ್ಲ. ವೇದಿಕೆಯ ಮೇಲೆ ತಪ್ಪು ಲಕೋಟೆ ಓದಿ ‘ಲಾ ಲಾ ಲ್ಯಾಂಡ್’ ಎಂದು ಘೋಷಿಸಿ, ಆಮೇಲೆ ‘ಮೂನ್‌ಲೈಟ್’ ಎಂದು ತಿದ್ದಿದ ರಾತ್ರಿ ಅದು. ಓದಿದವರ ಕಥೆ ಹಾಗಿರಲಿ, ಊಹೆ ಬರೆದವರಲ್ಲಿ ಬಹುಪಾಲು ಜನರ ಚೀಟಿಯಲ್ಲೂ ಅದೇ ತಪ್ಪಿತ್ತು.

ನಟನೆಯ ವಿಭಾಗಗಳಲ್ಲಿ ಹೆಚ್ಚಿನವರು ನಂಬುವುದು ನಟರ ಗಿಲ್ಡ್ ಅನ್ನು. ಅದರಲ್ಲಿ ಲಕ್ಷಕ್ಕೂ ಹೆಚ್ಚು ಜನ, ಟಿವಿ ರೇಡಿಯೊದವರೂ ಸೇರಿ, ಮತ್ತು ಬಹುತೇಕ ಅಮೆರಿಕದವರೇ. ಅಕಾಡೆಮಿ 2016ರ ನಂತರ ಹೊರದೇಶಗಳಿಂದ ಸದಸ್ಯರನ್ನು ಗುಂಪುಗುಂಪಾಗಿ ಸೇರಿಸಿಕೊಂಡಿತು. ಅದರ ಪರಿಣಾಮ ಲೆಕ್ಕದಲ್ಲೇ ಕಾಣುತ್ತದೆ. 2019ರಿಂದ 2025ರವರೆಗೆ ನಾಯಕ ನಟ, ನಾಯಕ ನಟಿ ವಿಭಾಗಗಳಲ್ಲಿ ಬಾಫ್ಟಾ ಒಬ್ಬರನ್ನು, ನಟರ ಗಿಲ್ಡ್ ಇನ್ನೊಬ್ಬರನ್ನು ಆರಿಸಿ, ಆ ಇಬ್ಬರೂ ಆಸ್ಕರ್ ಕಣದಲ್ಲಿದ್ದದ್ದು ಎಂಟು ಸಲ. ಆರು ಸಲ ಬಾಫ್ಟಾ ಸರಿ: 2019ರಲ್ಲಿ ಒಲಿವಿಯಾ ಕೋಲ್ಮನ್, 2021ರಲ್ಲಿ ಆಂಥನಿ ಹಾಪ್ಕಿನ್ಸ್ ಮತ್ತು ಫ್ರಾನ್ಸಿಸ್ ಮೆಕ್‌ಡೊರ್ಮಂಡ್, 2024ರಲ್ಲಿ ಎಮ್ಮಾ ಸ್ಟೋನ್, 2025ರಲ್ಲಿ ಮೈಕಿ ಮ್ಯಾಡಿಸನ್ ಮತ್ತು ಏಡ್ರಿಯನ್ ಬ್ರೋಡಿ. ಗಿಲ್ಡ್ ಸರಿಯಾದದ್ದು ಎರಡು ಸಲ, ಅದೂ ಒಂದೇ ವರ್ಷ: 2023ರಲ್ಲಿ ಮಿಶೆಲ್ ಯೋ ಮತ್ತು ಬ್ರೆಂಡನ್ ಫ್ರೇಸರ್.

2021ರದ್ದು ಪಾಠದಂಥ ಪ್ರಕರಣ. ತೀರಿಕೊಂಡಿದ್ದ ಚಾಡ್ವಿಕ್ ಬೋಸ್‌ಮನ್ ಅವರಿಗೇ ಪ್ರಶಸ್ತಿ ಎಂಬ ಮಾತು ಎಷ್ಟು ಹರಡಿತ್ತೆಂದರೆ, ಯಾವಾಗಲೂ ಕೊನೆಗೆ ಬರುವ ಅತ್ಯುತ್ತಮ ಚಿತ್ರವನ್ನು ಮುಂದೆ ತಂದು ನಾಯಕ ನಟನ ಘೋಷಣೆಯನ್ನು ಕಟ್ಟಕಡೆಗೆ ಇಟ್ಟರು. ಲಕೋಟೆಯಲ್ಲಿ ಹಾಪ್ಕಿನ್ಸ್ ಹೆಸರಿತ್ತು. ಅವರು ಅಲ್ಲಿರಲೂ ಇಲ್ಲ! ಬಾಫ್ಟಾ ಆಗಲೇ ಅವರಿಗೆ ಹೋಗಿತ್ತು. ಆ ಸುಳಿವು ಎಲ್ಲರಿಗೂ ಕಾಣುವಂತೆಯೇ ಇತ್ತು, ಯಾರಿಗೂ ಅದನ್ನು ನೋಡುವ ಮನಸ್ಸಿರಲಿಲ್ಲ.

ತಾರೀಖು ನೋಡುವುದೂ ಮುಖ್ಯ. 2025ರಲ್ಲಿ ಬಾಫ್ಟಾ ನಡೆದದ್ದು ಫೆಬ್ರವರಿ 16ಕ್ಕೆ, ಆಸ್ಕರ್ ಮತದಾನ ಇನ್ನೂ ತೆರೆದಿತ್ತು. ನಟರ ಗಿಲ್ಡ್ ಸಮಾರಂಭ 23ಕ್ಕೆ, ಮತದಾನ ಮುಚ್ಚಿ ಐದು ದಿನವಾಗಿತ್ತು. ಅಲ್ಲಿ ಡೆಮಿ ಮೂರ್ ಅಥವಾ ಟಿಮೊಥಿ ಶಾಲಮೆ ಎಷ್ಟೇ ಮನಮುಟ್ಟುವ ಭಾಷಣ ಮಾಡಿದ್ದರೂ ಅದರಿಂದ ಒಂದು ಮತವೂ ಕದಲುವಂತಿರಲಿಲ್ಲ. ಸಮಾರಂಭಗಳ ದಿನಾಂಕಗಳನ್ನೂ ಮತದಾನದ ದಿನಾಂಕಗಳನ್ನೂ ಒಂದೇ ಕ್ಯಾಲೆಂಡರ್ ಮೇಲೆ ಗುರುತು ಮಾಡಿಕೊಳ್ಳಿ, ಐದು ನಿಮಿಷದ ಕೆಲಸ.

ತಾಂತ್ರಿಕ ವಿಭಾಗಗಳಲ್ಲಿ ‘ಪ್ರತಿ ವರ್ಷ ಹೀಗೇ ಆಗುತ್ತೆ’ ಎಂಬ ಸೂತ್ರಗಳು ಬಹಳ ಓಡಾಡುತ್ತವೆ. ಅವುಗಳ ಕಾರಣ ಗೊತ್ತಿಲ್ಲದಿದ್ದರೆ ನಂಬಬೇಡಿ. ಸಂಕಲನ ಮತ್ತು ಶಬ್ದ ಇದಕ್ಕೆ ಒಳ್ಳೆಯ ಉದಾಹರಣೆ. 2015ರಿಂದ 2022ರ ಸಮಾರಂಭದವರೆಗೆ ಸತತ ಎಂಟು ವರ್ಷ, ಸಂಕಲನ ಗೆದ್ದ ಚಿತ್ರ ಶಬ್ದ ವಿಭಾಗದಲ್ಲೂ ಒಂದಾದರೂ ಪ್ರಶಸ್ತಿ ಗೆದ್ದಿತು. ಡ್ರಮ್ಮು, ಯುದ್ಧ, ಕಾರ್ ರೇಸ್, ಸಂಗೀತ ಇರುವ ಚಿತ್ರಗಳಲ್ಲಿ ಸಂಕಲನದ ಲಯವನ್ನು ಕಿವಿಯಿಂದಲೇ ಗುರುತಿಸುವುದು ಸುಲಭ, ಅದು ಆಗಿನ ಕಾರಣ. ಎಲ್ಲರೂ ಅದನ್ನು ನಿಯಮವೆಂದು ಬಾಯಿಪಾಠ ಮಾಡುವ ಹೊತ್ತಿಗೆ 2023, 2024, 2025 ಮೂರೂ ವರ್ಷ ಸೂತ್ರ ಹರಿಯಿತು. ಆ ಮೂರೂ ಸಲ ಸಂಕಲನ ಗೆದ್ದದ್ದು ಆ ವರ್ಷದ ಅತ್ಯುತ್ತಮ ಚಿತ್ರವೇ, ಶಬ್ದ ಹೋದದ್ದು ಬೇರೆ ಚಿತ್ರಕ್ಕೆ. ಎಂಟು ವರ್ಷ ಎಂದರೆ ಎಂಟೇ ಉದಾಹರಣೆ ಎಂಬುದು ನೆನಪಿರಲಿ. ವಸ್ತ್ರವಿನ್ಯಾಸದ ಗಿಲ್ಡ್ ಐತಿಹಾಸಿಕ, ಸಮಕಾಲೀನ, ಕಲ್ಪನಾಲೋಕ ಎಂದು ಬೇರೆ ಬೇರೆ ಪ್ರಶಸ್ತಿ ಕೊಡುತ್ತದೆ. ಅವುಗಳಲ್ಲಿ ಸಮಕಾಲೀನದ ವಿಜೇತರನ್ನು ಪಕ್ಕಕ್ಕಿಡಿ, ಪ್ಯಾಂಟು ಶರ್ಟಿಗೆ ಆಸ್ಕರ್ ಸಿಗುವುದು ಅಪರೂಪ.

ಕಿರುಚಿತ್ರಗಳ ಮೂರು ವಿಭಾಗಗಳಲ್ಲಿ ಎಲ್ಲರೂ ನೆಲ ಕಚ್ಚುತ್ತಾರೆ. ಮೊದಲು ನೋಡದೆಯೇ ಹೆಸರು, ವಿಷಯ ನೋಡಿ ಮತ ಒತ್ತುವವರೂ ಇದ್ದರು. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ನಿಯಮ ಬದಲಿಸಿತು: ಒಂದು ವಿಭಾಗದ ನಾಮನಿರ್ದೇಶಿತ ಚಿತ್ರಗಳನ್ನೆಲ್ಲ ನೋಡಿದವರಿಗಷ್ಟೇ ಆ ವಿಭಾಗದಲ್ಲಿ ಕೊನೆಯ ಸುತ್ತಿನ ಮತ. ಹಾಗಾಗಿ ಈ ವಿಭಾಗಗಳಲ್ಲಿ ಹಳೆಯ ಅಂಕಿಅಂಶ ಇಟ್ಟುಕೊಂಡು ಬರೆಯುವುದು ಇನ್ನು ಕಷ್ಟ. ಇಲ್ಲಿ ಮಾತ್ರ ನೀವೇ ನೋಡಿ ಬರೆಯುವುದಕ್ಕೆ ಬೆಲೆ ಬಂದಿದೆ. ಅದೇ ಹೊತ್ತಿಗೆ ಪಾತ್ರವರ್ಗದ ಆಯ್ಕೆಗೂ ಹೊಸ ಪ್ರಶಸ್ತಿ ಸೇರಿದ್ದರಿಂದ ವಿಭಾಗಗಳು 23 ಅಲ್ಲ, 24. ಹಳೆಯ ಚೀಟಿಯ ನಮೂನೆ ಬಳಸುತ್ತಿದ್ದರೆ ಒಂದು ಸಾಲು ಸೇರಿಸಿ.

ಇಲ್ಲಿ ನಮ್ಮವರಿಗೆಂದೇ ಒಂದು ಎಚ್ಚರಿಕೆ. 2023ರ ಜನವರಿಯಲ್ಲಿ ‘ಕಾಂತಾರ’ ಆಸ್ಕರ್‌ಗೆ ಅರ್ಹತೆ ಪಡೆಯಿತು ಎಂಬ ಸುದ್ದಿಗೆ ಪಟಾಕಿ ಹೊಡೆದವರಿದ್ದಾರೆ. ಅದು ಅಕಾಡೆಮಿ ಪ್ರಕಟಿಸಿದ 301 ಚಿತ್ರಗಳ ಪಟ್ಟಿ, ‘ವಿಕ್ರಾಂತ್ ರೋಣ’ ಕೂಡ ಅದರಲ್ಲಿತ್ತು. ಅಮೆರಿಕದ ನಿಗದಿತ ನಗರಗಳಲ್ಲೊಂದರ ಥಿಯೇಟರಿನಲ್ಲಿ ಏಳು ದಿನ ಪ್ರದರ್ಶನ ಕಂಡು ಅರ್ಜಿ ಹಾಕಿದರೆ ಆ ಪಟ್ಟಿ ಸೇರಬಹುದು. ಅದು ಮತದಾರರ ಪಟ್ಟಿಯಲ್ಲಿ ಹೆಸರಿರುವ ಹಾಗೆ, ಟಿಕೆಟ್ ಸಿಕ್ಕ ಹಾಗಲ್ಲ. ನಂತರ ಕೆಲವು ವಿಭಾಗಗಳಲ್ಲಿ ಕಿರುಪಟ್ಟಿ, ಆಮೇಲೆ ನಾಮನಿರ್ದೇಶನ, ಆಮೇಲೆ ಗೆಲುವು. ಅದೇ ವರ್ಷ ‘ನಾಟು ನಾಟು’ ಈ ಮೆಟ್ಟಿಲುಗಳನ್ನೆಲ್ಲ ಒಂದೊಂದಾಗಿ ಹತ್ತಿತು: ಡಿಸೆಂಬರ್‌ನಲ್ಲಿ 15 ಹಾಡುಗಳ ಕಿರುಪಟ್ಟಿ, ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಮತ್ತು ನಾಮನಿರ್ದೇಶನ, ಮಾರ್ಚ್‌ನಲ್ಲಿ ಆಸ್ಕರ್. ಭಾರತ ಅಧಿಕೃತವಾಗಿ ಕಳಿಸಿದ್ದು ಬೇರೆ ಚಿತ್ರವನ್ನು, ಗುಜರಾತಿಯ ‘ಛೆಲ್ಲೋ ಶೋ’. ದೇಶದ ಆಯ್ಕೆ ಬೇಕಾಗುವುದು ಅಂತರರಾಷ್ಟ್ರೀಯ ಚಿತ್ರದ ಒಂದು ವಿಭಾಗಕ್ಕೆ ಮಾತ್ರ, ಹಾಡಿಗೆ ಅದರ ಹಂಗಿಲ್ಲ.

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಿಗೆ ಈ ವಿಧಾನ ಯಾವುದೂ ನಡೆಯದು. ಅಲ್ಲಿ ಪ್ರಾದೇಶಿಕ ಸಮಿತಿಗಳು ಸೋಸಿ ಕಳಿಸಿದ್ದನ್ನು ಕೇಂದ್ರ ಸಮಿತಿ ಕೂತು ನಿರ್ಧರಿಸುತ್ತದೆ, ಸಮಿತಿಯ ಸದಸ್ಯರು ವರ್ಷ ವರ್ಷ ಬದಲಾಗುತ್ತಾರೆ. ರಿಷಬ್ ಶೆಟ್ಟಿ ಅವರಿಗೆ 2024ರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಘೋಷಣೆಯಾದಾಗ ಅದಕ್ಕೆ ಮುನ್ಸೂಚನೆ ಎನ್ನುವಂಥ ಗಿಲ್ಡ್ ಯಾವುದೂ ಇರಲಿಲ್ಲ. ಚೀಟಿ ಆಟಕ್ಕೆ ಅದನ್ನು ಸೇರಿಸದಿರುವುದೇ ಲೇಸು.

ಈಗ ಐಪಿಎಲ್. ಇಲ್ಲಿ ತಂಡದ ಹೆಸರಿಗಿಂತ ಮೊದಲು ಪಂದ್ಯಾವಳಿಯ ಆಕಾರ ನೋಡಿ. ಈಗಿನ ಪ್ಲೇಆಫ್ ಮಾದರಿ ಬಂದದ್ದು 2011ರಲ್ಲಿ. ಮೊದಲೆರಡು ಸ್ಥಾನದವರು ಮೊದಲ ಕ್ವಾಲಿಫೈಯರ್ ಸೋತರೂ ಇನ್ನೊಂದು ಅವಕಾಶವಿದೆ, ಮೂರು ಮತ್ತು ನಾಲ್ಕನೆಯವರು ಮೂರಕ್ಕೆ ಮೂರೂ ಗೆಲ್ಲಬೇಕು. ಎಲ್ಲ ಪಂದ್ಯವೂ ನಾಣ್ಯ ಚಿಮ್ಮಿದಂತೆ ಎಂದುಕೊಂಡರೂ ಮೊದಲೆರಡರಲ್ಲಿರುವ ಒಂದು ತಂಡಕ್ಕೆ ಕಪ್ ಸಾಧ್ಯತೆ ಶೇ 37.5 (ನೇರ ದಾರಿಯಲ್ಲಿ 25, ಸುತ್ತು ದಾರಿಯಲ್ಲಿ 12.5). ಮೂರನೆಯ ಅಥವಾ ನಾಲ್ಕನೆಯ ತಂಡಕ್ಕೆ ಬರೀ ಶೇ 12.5. ಅಂದರೆ ಮೊದಲೆರಡು ಸ್ಥಾನಕ್ಕೆ ಒಟ್ಟು ಮುಕ್ಕಾಲು ಪಾಲು. ವಾಸ್ತವ ಇನ್ನೂ ಕಟು: 2011ರಿಂದ 2025ರವರೆಗಿನ 15 ಚಾಂಪಿಯನ್ನರಲ್ಲಿ 14 ತಂಡಗಳು ಮೊದಲೆರಡು ಸ್ಥಾನದಿಂದಲೇ ಬಂದವು. ಮೂರನೆಯ ಸ್ಥಾನದಿಂದ ಬಂದು ಗೆದ್ದದ್ದು 2016ರ ಸನ್‌ರೈಸರ್ಸ್ ಒಂದೇ, ಅದೂ ಯಾರನ್ನು ಎಂಟು ರನ್‌ಗಳಿಂದ ಸೋಲಿಸಿ ಎಂದು ನಿಮಗೆ ನೆನಪಿಸಬೇಕಿಲ್ಲ. 2024ರಲ್ಲಿ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ನಾಲ್ಕನೆಯದಾಗಿ ಪ್ಲೇಆಫ್ ಸೇರಿದಾಗ ‘ಲಯಕ್ಕೆ ಬಂದಿದ್ದಾರೆ’ ಎಂದು ಬರೆದವರೇ ಹೆಚ್ಚು. ಲಯ ಇತ್ತು, ದಾರಿ ಉದ್ದವಿತ್ತು. ಎಲಿಮಿನೇಟರ್‌ನಲ್ಲೇ ಮುಗಿಯಿತು.

ಎದುರಾಳಿಗಳ ಹಳೆಯ ಮುಖಾಮುಖಿ ದಾಖಲೆಯನ್ನು ಐಪಿಎಲ್‌ನಲ್ಲಿ ಬಳಸಲೇಬೇಡಿ. ಮೆಗಾ ಹರಾಜಾದಾಗಲೆಲ್ಲ ಜೆರ್ಸಿ ಉಳಿಯುತ್ತದೆ, ಅದರೊಳಗಿನ ಹನ್ನೊಂದು ಜನ ಉಳಿಯುವುದಿಲ್ಲ. ನೋಡಬೇಕಾದ್ದು ಈ ಸೀಸನ್ನಿನ ತವರಿನಾಚೆಯ ಫಲಿತಾಂಶಗಳನ್ನು, ಏಕೆಂದರೆ ಪ್ಲೇಆಫ್ ಸಾಮಾನ್ಯವಾಗಿ ಬೇರೆಯವರ ಮೈದಾನದಲ್ಲಿ. 2025ರಲ್ಲಿ ಆರ್‌ಸಿಬಿ ಲೀಗ್ ಹಂತದ ತವರಿನಾಚೆಯ ಏಳೂ ಪಂದ್ಯ ಗೆದ್ದಿತ್ತು. ಚಿನ್ನಸ್ವಾಮಿಯಲ್ಲಿನ ಸೋಲುಗಳನ್ನು ಕಂಡು ಕೈಬಿಟ್ಟವರು ತಪ್ಪು ಕಾಲಂ ಓದಿದ್ದರು. ಎರಡನೆಯದು ಯಾರು ಲಭ್ಯ ಎಂಬುದು. ಆ ವರ್ಷ ಮೇ ತಿಂಗಳಲ್ಲಿ ಪಂದ್ಯಾವಳಿ ಒಂದು ವಾರ ನಿಂತು ಮತ್ತೆ ಶುರುವಾಯಿತು. ಆರ್‌ಸಿಬಿಯಲ್ಲಿ ಪಡಿಕ್ಕಲ್ ಗಾಯಗೊಂಡು ಮಯಂಕ್ ಅಗರವಾಲ್ ಬಂದರು, ಬೆಥೆಲ್ ಇಂಗ್ಲೆಂಡ್‌ಗೆ ಮರಳಿದರು, ಹೇಜಲ್‌ವುಡ್ ವಾಪಸ್ ಬಂದರು. ಹೇಜಲ್‌ವುಡ್ ಬಂದ ಸುದ್ದಿ ಹತ್ತು ವರ್ಷದ ಅಂಕಿಅಂಶಕ್ಕಿಂತ ಭಾರವಾದದ್ದು. ಕ್ವಾಲಿಫೈಯರ್‌ನಲ್ಲಿ ಪಂಜಾಬ್ 101ಕ್ಕೆ ಕುಸಿದಾಗ ಅವರದು ಮೂರು ವಿಕೆಟ್.

ಇಷ್ಟೆಲ್ಲ ಮಾಡಿದರೂ ಫೈನಲ್ ಫೈನಲ್ಲೇ. 2025ರ ಜೂನ್ 3ರಂದು ಆರ್‌ಸಿಬಿ 190, ಪಂಜಾಬ್ 184, ಅಂತರ ಆರು ರನ್. 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದೂ ಆರು ರನ್‌ಗಳಿಂದಲೇ, ಕುಂಬ್ಳೆ 16 ರನ್‌ಗೆ ನಾಲ್ಕು ವಿಕೆಟ್ ತೆಗೆದಿದ್ದರೂ. ಅಷ್ಟು ಕಿರಿದಾದ ಅಂತರವನ್ನು ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂದು ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ.

ಸೆಮಿಫೈನಲ್ ಇರುವ ವಿಶ್ವಕಪ್‌ನಲ್ಲಿ ಎರಡನೇ ಅವಕಾಶ ಯಾರಿಗೂ ಇಲ್ಲ, ಆದ್ದರಿಂದ ನಾಲ್ಕನೆಯ ಸ್ಥಾನಕ್ಕೂ ಬೆಲೆ ಹೆಚ್ಚು. 2023ರಲ್ಲಿ ಭಾರತ ಹತ್ತಕ್ಕೆ ಹತ್ತು ಗೆದ್ದು ಅಹಮದಾಬಾದ್ ಫೈನಲ್ ತಲುಪಿ ಸೋತಿತು. ಸೆಮಿಫೈನಲ್‌ಗೆ ಮೊದಲು ಪ್ರತಿ ಪಂದ್ಯಕ್ಕೂ ಭಾರತಕ್ಕೆ ಧಾರಾಳವಾಗಿ ಶೇ 75 ಕೊಟ್ಟಿದ್ದರೂ ಎರಡೂ ಗೆಲ್ಲುವ ಸಾಧ್ಯತೆ ಸುಮಾರು ಶೇ 56 ಅಷ್ಟೇ ಆಗುತ್ತಿತ್ತು. 2025ರ ಮಹಿಳಾ ವಿಶ್ವಕಪ್ ಇದರ ಇನ್ನೊಂದು ಮಗ್ಗುಲು: ಭಾರತ ಲೀಗ್‌ನಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್ ಎದುರು ಸತತ ಮೂರು ಸೋತು ನಾಲ್ಕನೆಯದಾಗಿ ಒಳಗೆ ಬಂತು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಕೊಟ್ಟ 339ರ ಗುರಿ ಮುಟ್ಟಿ, ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿತು. ಲೀಗ್‌ನಲ್ಲಿ ಭಾರತವನ್ನು ಸೋಲಿಸಿದ್ದ ಅವೇ ಎರಡು ತಂಡಗಳು.

ಹೀಗಾಗಿ ಕ್ರೀಡೆಗೆ ಚೀಟಿಯ ನಮೂನೆ ಬದಲಿಸಲು ನಿಮ್ಮ ಗುಂಪನ್ನು ಒಪ್ಪಿಸಿ. ಒಂದು ಹೆಸರಿನ ಬದಲು ಪ್ರತಿಯೊಬ್ಬರೂ ಪ್ರತಿ ತಂಡಕ್ಕೂ ಶೇಕಡಾ ಬರೆಯಲಿ, ಒಟ್ಟು 100 ಆಗಬೇಕು. ಫಲಿತಾಂಶ ಬಂದ ಮೇಲೆ ದಂಡ ಹಾಕುವ ಕ್ರಮ ಸರಳ. ಗೆದ್ದ ತಂಡಕ್ಕೆ 1, ಉಳಿದವಕ್ಕೆ 0 ಎಂದಿಟ್ಟು, ಬರೆದ ಸಂಖ್ಯೆಗೂ ಅದಕ್ಕೂ ಇರುವ ವ್ಯತ್ಯಾಸದ ವರ್ಗ ತೆಗೆಯಿರಿ. ಶೇ 80 ಎಂದು ಬರೆದು ಗೆದ್ದರೆ ದಂಡ 0.04, ಸೋತರೆ 0.64. ದಂಡ ಕಡಿಮೆ ಇದ್ದವರು ಮುಂದೆ. ಇದನ್ನು ನಿಮ್ಮ ಆರ್‌ಸಿಬಿ ಚೀಟಿಗಳಿಗೇ ಹಚ್ಚಿ ನೋಡೋಣ. 2008ರಿಂದ 2025ರವರೆಗೆ 18 ಸೀಸನ್, ಕಪ್ ಒಂದು. ಪ್ರತಿ ವರ್ಷ ಶೇ 100 ಎಂದು ಬರೆದವರಿಗೆ ಆ ಒಂದು ಸಾಲಿನಲ್ಲೇ ಒಟ್ಟು ದಂಡ 17. ಪ್ರತಿ ವರ್ಷ ಬರೀ 12 ಎಂದು ಬರೆದವರಿಗೆ ಸುಮಾರು 1.02. ‘ಈ ಸಲ ಕಪ್ ನಮ್ದೇ’ ಎನ್ನುವುದನ್ನು ‘ಗೆಲ್ಲಬೇಕು’ ಸಾಲಿಗೆ ಬಿಡಿ, ಅದಕ್ಕೆ ದಂಡವಿಲ್ಲ.

ಕೊನೆಯದಾಗಿ ದೋಸೆಯ ಲೆಕ್ಕ. ನಿಮ್ಮ ಗುಂಪಿನಲ್ಲಿ ದಂಡ ಕೊನೆಯವರಿಗೆ ಮಾತ್ರ, ಮೊದಲು ಬಂದವರಿಗೆ ವಿಶೇಷವೇನೂ ಇಲ್ಲ. ಆದ್ದರಿಂದ ಆಸ್ಕರ್ ಚೀಟಿಯಲ್ಲಿ ಸಾಹಸ ಬೇಡ, ಎಲ್ಲ ವಿಭಾಗದಲ್ಲೂ ಗಿಲ್ಡ್ ಮತ್ತು ಬಾಫ್ಟಾ ತೋರಿಸಿದ್ದನ್ನೇ ಬರೆಯಿರಿ. ಮೊದಲು ಬಂದವರಿಗೂ ಬಹುಮಾನ ಇಡುವಂತಾದರೆ ಆಗ ಎಲ್ಲರಂತೆ ಬರೆದು ಮುಂದೆ ಬರಲಾಗದು. ಆಗಲೂ ಬೇರೆ ಹೆಸರು ಬರೆಯಬೇಕಾದ್ದು ಎರಡೋ ಮೂರೋ ಕಡೆ: ಬಾಫ್ಟಾ ಮತ್ತು ನಟರ ಗಿಲ್ಡ್ ಜಗಳವಾಡುತ್ತಿರುವ ನಟನೆಯ ವಿಭಾಗದಲ್ಲಿ, ಮತ್ತು ನೀವು ಐದನ್ನೂ ನೋಡಿ ಮುಗಿಸಿದ ಕಿರುಚಿತ್ರದ ವಿಭಾಗದಲ್ಲಿ. ನಿರ್ದೇಶನದ ವಿಭಾಗದಲ್ಲಿ ಮಾತ್ರ ಆ ಕೆಲಸಕ್ಕೆ ಹೋಗಬೇಡಿ.